ಥೀಮ್ ಪಾರ್ಕ್‌ನಲ್ಲಿ ಫೋನ್: ರೈಡ್ ಹತ್ತುವ ಮುನ್ನ, ಪ್ರದರ್ಶನಕ್ಕೆ ಕೂರುವ ಮುನ್ನ

ಬಿಡದಿ ಬಳಿಯ ವಂಡರ್‌ಲಾ ಆಗಲಿ, ಮೈಸೂರಿನ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್ ಆಗಲಿ, ಮಹಾರಾಷ್ಟ್ರದ ಖೊಪೋಲಿಯ ಇಮ್ಯಾಜಿಕಾ ಆಗಲಿ, ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋದ ತಂದೆ ತಾಯಂದಿರು ನೋಡಿ ಬರುವ ಫ್ಲಾರಿಡಾದ ಡಿಸ್ನಿ ವರ್ಲ್ಡ್ ಆಗಲಿ, ದೊಡ್ಡ ರೈಡ್ ಹತ್ತುವ ಜಾಗದಲ್ಲಿ ಕೈಯಲ್ಲಿರುವ ಬಿಡಿ ವಸ್ತುಗಳನ್ನು ಒಳಗೆ ತರಬೇಡಿ ಎಂಬ ಸೂಚನೆ ಯಾವುದಾದರೂ ರೂಪದಲ್ಲಿ ಇದ್ದೇ ಇರುತ್ತದೆ. ಬಹಳಷ್ಟು ಮಂದಿ ಅದನ್ನು ತಮ್ಮ ಫೋನಿನ ಮೇಲಿನ ಕಾಳಜಿಯಿಂದ ಹಾಕಿದ ಫಲಕವೆಂದು ತಿಳಿಯುತ್ತಾರೆ. ಬಿದ್ದರೆ ನನ್ನ ಫೋನ್ ತಾನೇ, ನಷ್ಟವೂ ನನ್ನದೇ ಎಂದುಕೊಂಡು ಜೇಬಿಗೆ ಇಳಿಸಿಕೊಂಡು ಹೋಗಿ ಕೂರುತ್ತಾರೆ. ಆದರೆ ಆ ನಿಯಮ ಇರುವುದು ರೈಡಿನ ಕೆಳಗೆ ನಿಂತವರ ತಲೆಯನ್ನು ಮತ್ತು ಹಿಂದಿನ ಸೀಟಿನಲ್ಲಿ ಕೂತವರ ಮುಖವನ್ನು ಕಾಯಲು. ಪ್ರದರ್ಶನದ ಕತ್ತಲೆಯಲ್ಲೂ ಹಾಗೆಯೇ, ನಮ್ಮ ಪರದೆಯ ಬೆಳಕು ನಮ್ಮ ಕಣ್ಣಿಗಿಂತ ಹೆಚ್ಚಾಗಿ ಬೇರೆಯವರ ಕಣ್ಣಿಗೆ ಬೀಳುತ್ತದೆ. ಫೋನ್ ಬಳಸುವ ಶಿಷ್ಟಾಚಾರವನ್ನು ಈ ದೃಷ್ಟಿಯಿಂದ ನೋಡಿದರೆ ಪಾರ್ಕಿನ ಅರ್ಧದಷ್ಟು ನಿಯಮಗಳು ಯಾರೂ ವಿವರಿಸದೆಯೇ ಅರ್ಥವಾಗುತ್ತವೆ.

ಮುಂದಿನ ಸೂಚನೆಗಳನ್ನು ಒಂದು ದಿನದ ಪ್ರವಾಸ ಸಾಗುವ ಕ್ರಮದಲ್ಲಿ ಕೊಟ್ಟಿದೆ. ನಿಯಮಗಳು ಪಾರ್ಕಿನಿಂದ ಪಾರ್ಕಿಗೆ, ಒಂದೇ ಪಾರ್ಕಿನಲ್ಲಿ ರೈಡಿನಿಂದ ರೈಡಿಗೆ ಬದಲಾಗುತ್ತವೆ. ಆದ್ದರಿಂದ ಇಲ್ಲಿ ಹೇಳಿದ್ದಕ್ಕೂ ಅಲ್ಲಿನ ಸಿಬ್ಬಂದಿ ಹೇಳಿದ್ದಕ್ಕೂ ವ್ಯತ್ಯಾಸ ಕಂಡರೆ ಸಿಬ್ಬಂದಿಯ ಮಾತನ್ನೇ ಕೇಳಬೇಕು.

ಮೊದಲ ಹೆಜ್ಜೆ: ಹಿಂದಿನ ರಾತ್ರಿಯ ತಯಾರಿ

ಪಾರ್ಕಿನಲ್ಲಿ ಫೋನಿನಿಂದ ಆಗುವ ಕಿರಿಕಿರಿಗಳಲ್ಲಿ ಹೆಚ್ಚಿನವು ಫೋನನ್ನು ಕೈಬಿಡಲಾಗದ ಸ್ಥಿತಿಯನ್ನು ನಾವೇ ಮಾಡಿಕೊಂಡಿರುವುದರಿಂದ ಹುಟ್ಟುತ್ತವೆ. ಟಿಕೆಟ್ ಫೋನಿನಲ್ಲಿದೆ, ಹಣ ಫೋನಿನಲ್ಲಿದೆ, ಜೊತೆಗೆ ಬಂದವರನ್ನು ಹುಡುಕುವ ದಾರಿಯೂ ಫೋನೇ. ಹೀಗಿರುವಾಗ ಅದನ್ನು ಲಾಕರ್‌ನಲ್ಲಿಟ್ಟು ಬನ್ನಿ ಎಂದರೆ ಯಾರಿಗೂ ಮನಸ್ಸು ಬರುವುದಿಲ್ಲ. ಈ ಮೂರು ಅವಲಂಬನೆಗಳನ್ನು ಹಿಂದಿನ ರಾತ್ರಿಯೇ ಬಿಡಿಸಿಕೊಳ್ಳಬೇಕು.

ಟಿಕೆಟ್‌ನ ಕ್ಯೂಆರ್ ಕೋಡನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು, ಸಾಧ್ಯವಾದರೆ ಒಂದು ಮುದ್ರಿತ ಪ್ರತಿಯನ್ನೂ ಇಟ್ಟುಕೊಳ್ಳಿ. ಭಾನುವಾರದ ಜನಸಂದಣಿಯಲ್ಲಿ ನೆಟ್‌ವರ್ಕ್ ಸಿಗದೆ ಗೇಟಿನ ಮುಂದೆ ಇಮೇಲ್ ತೆರೆದುಕೊಳ್ಳಲಿ ಎಂದು ಕಾಯುವ ಒಬ್ಬರಿಂದ ಹಿಂದಿನ ಸಾಲು ಪೂರ್ತಿ ನಿಲ್ಲುತ್ತದೆ. ತಿಂಡಿ, ನೀರು, ಲಾಕರ್‌ಗೆ ಆಗುವಷ್ಟು ನಗದು ಜೊತೆಗಿರಲಿ. ಎಷ್ಟು ಗಂಟೆಗೆ, ಯಾವ ಜಾಗದಲ್ಲಿ ಎಲ್ಲರೂ ಸೇರಬೇಕು ಎಂಬುದನ್ನು ಪಾರ್ಕಿನ ನಕ್ಷೆ ನೋಡಿ ಮೊದಲೇ ಗೊತ್ತು ಮಾಡಿಕೊಳ್ಳಿ. ಸೇರುವ ಜಾಗ ರೈಡಿನ ನಿರ್ಗಮನದ ಬಾಗಿಲಾಗದಿರಲಿ, ಏಕೆಂದರೆ ಅಲ್ಲಿ ಗುಂಪು ನಿಂತರೆ ಇಳಿದು ಬರುವವರಿಗೆ ದಾರಿ ಮುಚ್ಚುತ್ತದೆ. ಮಕ್ಕಳ ಜೇಬಿನಲ್ಲಿ ಮನೆಯ ಇಬ್ಬರು ದೊಡ್ಡವರ ಸಂಖ್ಯೆ ಬರೆದ ಚೀಟಿ ಇರಲಿ. ಆ ಇಬ್ಬರಲ್ಲಿ ಒಬ್ಬರಾದರೂ ಆ ದಿನ ರೈಡ್ ಹತ್ತದೆ ಹೊರಗಿರುವವರಾಗಿದ್ದರೆ ಒಳ್ಳೆಯದು.

ಫೋನಿನಲ್ಲಿ ಮಾಡಬೇಕಾದ ಕೆಲಸ ಎರಡೇ. ಸ್ಟಾರ್ ಹ್ಯಾಶ್ ಸೊನ್ನೆ ಆರು ಹ್ಯಾಶ್ ಒತ್ತಿದರೆ ಕಾಣುವ 15 ಅಂಕಿಗಳ ಐಎಂಇಐ ಸಂಖ್ಯೆಯನ್ನು, ಅಂದರೆ ಆ ಫೋನಿನ ಗುರುತಿನ ಸಂಖ್ಯೆಯನ್ನು, ಬರೆದು ಮನೆಯಲ್ಲಿಡಿ, ಮತ್ತು ಲಾಕ್ ಸ್ಕ್ರೀನ್ ಮೇಲೆ ಮನೆಯವರೊಬ್ಬರ ಸಂಖ್ಯೆ ಕಾಣುವಂತೆ ಮಾಡಿ. ಫೋನ್ ಕಳೆದುಹೋದಾಗ ಸಿಕ್ಕವರು ಹಿಂತಿರುಗಿಸಲು ಬಯಸಿದರೂ ಯಾರಿಗೆ ಹೇಳಬೇಕೆಂದು ಗೊತ್ತಾಗದೆ ಒದ್ದಾಡುವುದು ಇದರಿಂದ ತಪ್ಪುತ್ತದೆ.

ಎರಡನೆಯ ಹೆಜ್ಜೆ: ಲಾಕರ್, ಅಥವಾ ಕಾಯುವ ಒಬ್ಬರು

ವಂಡರ್‌ಲಾದಂತಹ ಪಾರ್ಕಿನಲ್ಲಿ ನೆಲದ ರೈಡ್‌ಗಳೂ ನೀರಿನ ರೈಡ್‌ಗಳೂ ಒಂದೇ ಆವರಣದಲ್ಲಿವೆ. ಎರಡರ ನಡುವೆ ಅತ್ತಿತ್ತ ಓಡಾಡಿದರೆ ಫೋನನ್ನು ಹತ್ತು ಸಲ ತೆಗೆದು ಇಡಬೇಕಾಗುತ್ತದೆ. ಒಂದು ಹೊತ್ತು ನೆಲದ ರೈಡ್‌ಗಳಿಗೆ, ಇನ್ನೊಂದು ಹೊತ್ತು ನೀರಿಗೆ ಎಂದು ದಿನವನ್ನು ಭಾಗ ಮಾಡಿಕೊಂಡರೆ ಫೋನಿಗೂ ನಿಮಗೂ ಒಂದು ಕ್ರಮ ಸಿಗುತ್ತದೆ. ಬೆಳಗ್ಗೆ ಬೇಕಾದ ಕುಟುಂಬದ ಚಿತ್ರಗಳನ್ನು ತೆಗೆದುಕೊಂಡು, ಬಳಿಕ ಫೋನುಗಳನ್ನೆಲ್ಲ ಬಾಡಿಗೆಯ ಲಾಕರ್‌ಗೆ ಸೇರಿಸಿ, ಊಟದ ಹೊತ್ತಿಗೆ ಒಮ್ಮೆ ತೆರೆದು ನೋಡುವುದು ಹೆಚ್ಚಿನ ಕುಟುಂಬಗಳಿಗೆ ಸಾಕಾಗುತ್ತದೆ.

ಲಾಕರ್‌ನ ಹಣ ಉಳಿಸಲು ಫೋನನ್ನು ಕಾರಿನಲ್ಲಿ ಬಿಟ್ಟುಬರುವವರಿದ್ದಾರೆ. ಬಿಸಿಲಿಗೆ ನಿಂತ ಕಾರಿನ ಒಳಗಿನ ಶಾಖ ಫೋನ್ ಬ್ಯಾಟರಿ ತಾಳಿಕೊಳ್ಳುವ ಮಿತಿಯನ್ನು ಸುಲಭವಾಗಿ ದಾಟುತ್ತದೆ. ಐಫೋನನ್ನು 45 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖದಲ್ಲಿ ಇಡಬಾರದೆಂದು ಅದನ್ನು ತಯಾರಿಸುವ ಆ್ಯಪಲ್ ಕಂಪನಿಯೇ ಹೇಳುತ್ತದೆ.

ಜೊತೆಯಲ್ಲಿ ಅಜ್ಜಿಯೋ ತಾತನೋ ಬಂದಿದ್ದರೆ ಫೋನುಗಳೆಲ್ಲ ಅವರ ಮಡಿಲಿಗೆ ಬೀಳುವುದು ನಮ್ಮಲ್ಲಿ ವಾಡಿಕೆ. ಅವರನ್ನು ಕೇಳಿಯೇ ಕೊಡಬೇಕು, ಮತ್ತು ಕೊಡುವ ಮುನ್ನ ಎಲ್ಲ ಫೋನುಗಳ ಸದ್ದು ನಿಲ್ಲಿಸಿರಬೇಕು. ಎಂಟು ಫೋನುಗಳು ಸರದಿಯಲ್ಲಿ ಬಡಿದುಕೊಳ್ಳುತ್ತಿರುವ ಚೀಲ ಹಿಡಿದು ಬಿಸಿಲಲ್ಲಿ ಕೂತಿರುವುದು ಯಾವ ಹಿರಿಯರಿಗೂ ಪ್ರವಾಸವಲ್ಲ. ಒಂದೆರಡು ರೈಡ್‌ಗಳ ಮಟ್ಟಿಗೆ ಯುವಕರಲ್ಲಿ ಒಬ್ಬರು ಹೊರಗೆ ಉಳಿದು ಸರದಿಯಲ್ಲಿ ಕಾವಲು ಕೂರುವುದು ಇದಕ್ಕಿಂತ ನ್ಯಾಯವಾದ ಏರ್ಪಾಡು.

ಮೂರನೆಯ ಹೆಜ್ಜೆ: ಸಾಲಿನಲ್ಲಿ ನಿಂತಾಗ

ಸಾಲಿನಲ್ಲಿ ಫೋನ್ ನೋಡುವುದು ತಪ್ಪಲ್ಲ. ಅಷ್ಟು ಹೊತ್ತು ನಿಲ್ಲುವುದಕ್ಕೆ ಏನಾದರೂ ಬೇಕು. ಆದರೆ ಸ್ಪೀಕರ್ ಹಾಕಿ ರೀಲ್ಸ್ ನೋಡುವುದು, ವಿಡಿಯೊ ಕರೆಯಲ್ಲಿ ಜೋರಾಗಿ ಮಾತಾಡುವುದು, ಮುಂದಿನವರು ಹತ್ತು ಹೆಜ್ಜೆ ಸರಿದಿದ್ದರೂ ಪರದೆಯಲ್ಲಿ ಮುಳುಗಿ ನಿಂತಲ್ಲೇ ನಿಲ್ಲುವುದು, ಈ ಮೂರನ್ನು ಬಿಟ್ಟರೆ ಉಳಿದದ್ದಕ್ಕೆ ಯಾರ ಆಕ್ಷೇಪವೂ ಇರುವುದಿಲ್ಲ. ರೈಡ್ ಹತ್ತುವ ವೇದಿಕೆಗೆ ಮೆಟ್ಟಿಲು ಶುರುವಾಗುವ ಕಡೆ ಫೋನ್ ಒಳಗೆ ಹೋಗಬೇಕು. ಅಲ್ಲಿಂದ ಮುಂದೆ ಸಿಬ್ಬಂದಿ ಎತ್ತರ ಅಳೆಯುತ್ತಾರೆ, ಸೀಟು ಹೇಳುತ್ತಾರೆ, ಸನ್ನೆ ಮಾಡುತ್ತಾರೆ. ಕಿವಿಯಲ್ಲಿ ಇಯರ್‌ಬಡ್ ಇಟ್ಟುಕೊಂಡವರಿಗೆ ಅವರು ಅದೇ ಮಾತನ್ನು ಮೂರು ಸಲ ಹೇಳಬೇಕಾಗುತ್ತದೆ. ದಿನವಿಡೀ ನಿಂತೇ ಕೆಲಸ ಮಾಡುವವರು ಅವರು.

ನಾಲ್ಕನೆಯ ಹೆಜ್ಜೆ: ರೈಡಿನ ಮೇಲೆ

ಇಲ್ಲಿ ಸ್ವಲ್ಪ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಕವಚ ಸೇರಿ ಇಂದಿನ ಫೋನ್ ಸುಮಾರು 200 ಗ್ರಾಂ ತೂಗುತ್ತದೆ. ಅದು 30 ಮೀಟರ್ ಎತ್ತರದಿಂದ ಜಾರಿದರೆ ಗಾಳಿಯ ತಡೆಯನ್ನು ಬದಿಗಿಟ್ಟು ಲೆಕ್ಕ ಹಾಕಿದಾಗ ಎರಡೂವರೆ ಸೆಕೆಂಡುಗಳಲ್ಲಿ ನೆಲ ಮುಟ್ಟುತ್ತದೆ, ಮುಟ್ಟುವಾಗಿನ ವೇಗ ಗಂಟೆಗೆ 85 ಕಿಲೊಮೀಟರಿಗಿಂತ ಹೆಚ್ಚು. ಕ್ರಿಕೆಟ್‌ನ ಚರ್ಮದ ಚೆಂಡು ತೂಗುವುದು 156ರಿಂದ 163 ಗ್ರಾಂ. ಅಂದರೆ ಅದಕ್ಕಿಂತ ಭಾರವಾದ, ಮೂಲೆಗಳಿರುವ, ಗಾಜು ಲೋಹಗಳ ಒಂದು ವಸ್ತು ಸ್ಪಿನ್ ಬೌಲರನ ಎಸೆತದ ವೇಗದಲ್ಲಿ, ಹೆಲ್ಮೆಟ್ ಇಲ್ಲದೆ ಕೆಳಗೆ ನಿಂತು ಮೇಲೆ ನೋಡುತ್ತಿರುವವರತ್ತ ಬರುತ್ತದೆ. ಓಡುತ್ತಿರುವ ರೋಲರ್ ಕೋಸ್ಟರ್‌ನಿಂದ ಜಾರಿದ ಫೋನಿಗೆ ಕೋಸ್ಟರ್‌ನ ವೇಗವೂ ಸೇರಿಕೊಂಡಿರುವುದರಿಂದ ಅದು ನೇರವಾಗಿ ಕೆಳಗೆ ಬೀಳದೆ ದೂರಕ್ಕೆ ಹಾರುತ್ತದೆ. ಸ್ಪೇನ್‌ನ ಪೋರ್ಟ್‌ಅವೆಂಚುರಾ ಪಾರ್ಕಿನ ಶಂಭಾಲಾ ಎಂಬ ಕೋಸ್ಟರ್‌ನಲ್ಲಿ 2019ರಲ್ಲಿ ಮುಂದೆ ಕೂತಿದ್ದವರ ಕೈಜಾರಿದ ಫೋನನ್ನು ಹಿಂದಿನ ಸಾಲಿನ ಪ್ರವಾಸಿಯೊಬ್ಬರು ಗಾಳಿಯಲ್ಲೇ ಹಿಡಿದ ದೃಶ್ಯ ಜಗತ್ತಿನಾದ್ಯಂತ ಹರಿದಾಡಿತು. ಎಲ್ಲರೂ ಅದನ್ನು ಮೆಚ್ಚಿ ನೋಡಿದರು. ಆ ಫೋನ್ ಕೈಗೆ ಸಿಗದೆ ಮುಖಕ್ಕೆ ಬಡಿಯುವುದಕ್ಕೂ ಅಷ್ಟೇ ಅವಕಾಶವಿತ್ತು.

ಜೇಬಿನಲ್ಲಿದ್ದರೆ ಸಾಕಲ್ಲವೇ ಎಂದು ಕೇಳುವವರಿಗೆ ಉತ್ತರ ರೈಡಿನ ಚಲನೆಯಲ್ಲೇ ಇದೆ. ಕೋಸ್ಟರ್ ಗುಡ್ಡದಂತಹ ಏರನ್ನು ದಾಟಿ ಕೆಳಗೆ ಧುಮುಕುವಾಗ ದೇಹ ಸೀಟಿನಿಂದ ಮೇಲೇಳುತ್ತದೆ. ಹಾಗೆ ಮೇಲೆದ್ದಾಗ ಜೇಬಿನಲ್ಲಿರುವ ಫೋನ್ ಕೂಡ ತೂಕ ಕಳೆದುಕೊಂಡು ತೇಲುತ್ತದೆ. ವಂಡರ್‌ಲಾದ ರಿಕಾಯಿಲ್‌ನಂತೆ ಮುಂದಕ್ಕೆ ಓಡಿ ಅದೇ ಹಳಿಯಲ್ಲಿ ಹಿಂದಕ್ಕೂ ಓಡುವ, ತಲೆಕೆಳಗಾಗುವ ರೈಡಿನಲ್ಲಿ ಪ್ಯಾಂಟಿನ ಪಕ್ಕದ ಜೇಬು, ಅಂಗಿಯ ಜೇಬು, ಕುರ್ತಾದ ಜೇಬು ಯಾವುದನ್ನೂ ನಂಬಲಾಗದು. ಇಮ್ಯಾಜಿಕಾದ ನೈಟ್ರೊ ಎಂಬ ಕೋಸ್ಟರ್‌ನಲ್ಲಿ ಕಾಲ ಕೆಳಗೆ ನೆಲವೇ ಇಲ್ಲ. ಜಿಪ್ ಇರುವ ಆಳವಾದ ಜೇಬು ಇದ್ದರೂ ಅದು ಸಾಕೇ ಸಾಲದೇ ಎಂದು ತೀರ್ಮಾನಿಸಬೇಕಾದವರು ರೈಡ್ ನಡೆಸುವವರೇ ಹೊರತು ನಾವಲ್ಲ. ಫ್ಲಾರಿಡಾದ ಯೂನಿವರ್ಸಲ್ ಪಾರ್ಕ್‌ಗಳಲ್ಲಿ ಕೆಲವು ದೊಡ್ಡ ಕೋಸ್ಟರ್‌ಗಳಿಗೆ ಹೋಗುವ ದಾರಿಯಲ್ಲಿ ವಿಮಾನ ನಿಲ್ದಾಣದಲ್ಲಿರುವಂತಹ ಲೋಹಶೋಧಕ ಬಾಗಿಲು ದಾಟಬೇಕಾಗುತ್ತದೆ. ಜೇಬಿನಲ್ಲಿ ಫೋನ್ ಉಳಿದಿದ್ದರೆ ಅಲ್ಲಿಂದಲೇ ಲಾಕರ್‌ಗೆ ಹಿಂತಿರುಗಿಸುತ್ತಾರೆ. ಅಲ್ಲಿಗೆ ಹೋಗುವ ನಮ್ಮವರು ಇದನ್ನು ಅವಮಾನವೆಂದು ತಿಳಿಯಬೇಕಾಗಿಲ್ಲ, ಎಲ್ಲರಿಗೂ ಅದೇ ನಿಯಮ.

ಸೆಲ್ಫಿ ಸ್ಟಿಕ್ ಅನ್ನು ಮನೆಯಲ್ಲಿಯೇ ಬಿಡಿ. 2015ರ ಜೂನ್ ಕೊನೆಯಲ್ಲಿ ಡಿಸ್ನಿ ತನ್ನ ಅಮೆರಿಕದ ಪಾರ್ಕ್‌ಗಳಲ್ಲಿ ಅದನ್ನು ಪೂರ್ತಿಯಾಗಿ ನಿಷೇಧಿಸಿತು. ರೈಡ್‌ಗಳ ಮೇಲೆ ಜನರು ಅದನ್ನು ಹೊರಗೆ ಚಾಚುತ್ತಿದ್ದುದರಿಂದ ಸಾಗುತ್ತಿರುವ ರೈಡುಗಳನ್ನು ನಿಲ್ಲಿಸಬೇಕಾಗಿ ಬಂದಿತ್ತು. ರೈಡ್ ಸಾಗುವ ದಾರಿಯ ಸುತ್ತ ಎಷ್ಟು ತೆರವು ಇರಬೇಕೆಂಬುದನ್ನು ಮನುಷ್ಯನ ಕೈ ಚಾಚುವಷ್ಟು ದೂರಕ್ಕೆ ಲೆಕ್ಕ ಹಾಕಿ ಕಟ್ಟಿರುತ್ತಾರೆ. ಕೋಲು ಸೇರಿದರೆ ಆ ಲೆಕ್ಕ ತಪ್ಪುತ್ತದೆ. ಎದೆಗೆ ಅಥವಾ ತಲೆಗೆ ಕಟ್ಟಿಕೊಳ್ಳುವ ಚಿಕ್ಕ ಕ್ಯಾಮೆರಾಗಳ ವಿಷಯದಲ್ಲೂ ಮೊದಲು ಕೇಳಿ, ಒಪ್ಪಿದರೆ ಮಾತ್ರ ಒಯ್ಯಿರಿ.

ಯಾರಾದರೂ ಫೋನ್ ಹಿಡಿದಿರುವುದು ಕಂಡರೆ ಆಪರೇಟರ್ ರೈಡನ್ನು ಹೊರಡಿಸುವುದಿಲ್ಲ, ಹೊರಟ ಮೇಲೆ ಕಂಡರೆ ನಿಲ್ಲಿಸಲೂಬಹುದು. ದೊಡ್ಡ ಕೋಸ್ಟರ್‌ಗಳ ಹಳಿಯನ್ನು ಭಾಗಗಳಾಗಿ ವಿಂಗಡಿಸಿ, ಒಂದು ಭಾಗದಲ್ಲಿ ಒಂದೇ ಗಾಡಿ ಇರುವಂತೆ ನಿಯಂತ್ರಣ ವ್ಯವಸ್ಥೆ ನೋಡಿಕೊಳ್ಳುತ್ತದೆ. ಒಂದು ಗಾಡಿ ನಿಂತರೆ ಹಿಂದಿನ ಗಾಡಿಯೂ ನಿಲ್ಲಬೇಕು. ಕೆಲವೊಮ್ಮೆ ಎತ್ತರದಲ್ಲಿ ಸಿಕ್ಕಿಕೊಂಡವರನ್ನು ಒಬ್ಬೊಬ್ಬರಾಗಿ ಮೆಟ್ಟಿಲಿನಿಂದ ಇಳಿಸಬೇಕಾಗುತ್ತದೆ. ಒಂದು ಸೆಲ್ಫಿಗಾಗಿ ಬಿಸಿಲಲ್ಲಿ ನಿಂತ ನೂರಾರು ಜನರ ಸರದಿ ಹಿಂದೆ ಬೀಳುತ್ತದೆ.

ನೆನಪಿಗೊಂದು ಚಿತ್ರ ಬೇಕೆನಿಸಿದರೆ ಅನೇಕ ಪಾರ್ಕುಗಳು ರೈಡಿನ ಕಡಿದಾದ ಇಳಿಜಾರಿನಲ್ಲಿ ತಾವೇ ಕ್ಯಾಮೆರಾ ಇಟ್ಟು, ಇಳಿದ ಮೇಲೆ ಚಿತ್ರವನ್ನು ಮಾರುತ್ತವೆ. ಅದು ಅಗ್ಗವಲ್ಲ, ಆದರೆ ಕೂಗುತ್ತಿರುವ ಮುಖ ಅದರಲ್ಲಿ ಸ್ಪಷ್ಟವಾಗಿ ಸಿಗುತ್ತದೆ. ಇನ್ನೊಂದು ದಾರಿಯೆಂದರೆ ಹೊರಗಿರುವವರೊಬ್ಬರು ಬೇಲಿಯ ಈಚೆ, ನಡೆಯುವ ದಾರಿಗೆ ಅಡ್ಡವಾಗದಂತೆ ನಿಂತು ಚಿತ್ರೀಕರಿಸುವುದು.

ಕೆಲವು ಫೋನುಗಳು ಮತ್ತು ಕೈಗಡಿಯಾರಗಳು ವಾಹನ ಅಪಘಾತವನ್ನು ತಾವೇ ಗುರುತಿಸಿ ತುರ್ತು ಸಂಖ್ಯೆಗೆ ಕರೆ ಮಾಡುತ್ತವೆ. 2022ರಲ್ಲಿ ಐಫೋನ್ 14ರೊಂದಿಗೆ ಈ ಸೌಲಭ್ಯ ಬಂದ ಕೆಲವೇ ವಾರಗಳಲ್ಲಿ, ಅಮೆರಿಕದ ಒಹಾಯೊ ರಾಜ್ಯದ ಕಿಂಗ್ಸ್ ಐಲೆಂಡ್ ಪಾರ್ಕಿನ ಕೋಸ್ಟರ್‌ಗಳಲ್ಲಿ ಕುಳಿತವರ ಜೇಬಿನಿಂದ ಅಲ್ಲಿನ 911 ಕೇಂದ್ರಕ್ಕೆ ಸುಳ್ಳು ಕರೆಗಳು ಹೋಗತೊಡಗಿದವು. ಕೋಸ್ಟರ್‌ನ ಏಕಾಏಕಿ ತಿರುವು, ತಡೆ, ಜನರ ಕಿರುಚಾಟ ಎಲ್ಲವೂ ಸೇರಿ ಫೋನಿಗೆ ಅಪಘಾತದಂತೆಯೇ ತೋರಿತ್ತು. ಆಮೇಲೆ ಆ್ಯಪಲ್ ಅದನ್ನು ತಿದ್ದುತ್ತಾ ಬಂದಿದೆಯಾದರೂ, ಕೈಗಡಿಯಾರ ಧರಿಸಿ ಹತ್ತುವವರು ಆ ಸೌಲಭ್ಯವನ್ನು ರೈಡಿನ ಮಟ್ಟಿಗೆ ಆರಿಸಿ, ಇಳಿದ ಕೂಡಲೇ ಮತ್ತೆ ಹಚ್ಚಿಕೊಳ್ಳುವುದು ಲೇಸು. ಕರೆ ಹೋಗಿಯೇಬಿಟ್ಟಿದ್ದರೆ ಗಾಬರಿಯಿಂದ ತುಂಡರಿಸಬೇಡಿ. ನಮ್ಮಲ್ಲಿ 112ರಲ್ಲಾಗಲಿ, ಅಲ್ಲಿ 911ರಲ್ಲಾಗಲಿ ಮಾತಾಡಿ, ಇದು ತಪ್ಪಿ ಹೋದ ಕರೆ, ಎಲ್ಲರೂ ಕ್ಷೇಮ ಎಂದು ಹೇಳಿ. ಹೇಳದಿದ್ದರೆ ಅವರು ಹುಡುಕಿಕೊಂಡು ಬರಬೇಕಾಗಬಹುದು, ಆ ಹೊತ್ತಿಗೆ ನಿಜವಾಗಿ ಅವರ ನೆರವು ಬೇಕಾದವರು ಬೇರೆಲ್ಲೋ ಇರಬಹುದು.

ಮಧುಮೇಹದ ಸೆನ್ಸರ್‌ನಂತಹ ವೈದ್ಯಕೀಯ ಕಾರಣಕ್ಕೆ ಫೋನ್ ಹತ್ತಿರವೇ ಇರಬೇಕಾದವರು ಸಾಲಿಗೆ ಸೇರುವ ಮುನ್ನವೇ ಸಿಬ್ಬಂದಿಗೆ ತಿಳಿಸಿ ದಾರಿ ಕೇಳಬೇಕು. ವೇದಿಕೆ ತಲುಪಿದ ಮೇಲೆ ಹೇಳಿದರೆ ಅಲ್ಲಿರುವವರಿಗೆ ಬೇರೆ ಏರ್ಪಾಡು ಮಾಡಲು ಸಮಯವಿರುವುದಿಲ್ಲ.

ಐದನೆಯ ಹೆಜ್ಜೆ: ನೀರಿನ ಬಳಿ

ನನ್ನ ಫೋನ್ ವಾಟರ್‌ಪ್ರೂಫ್ ಎಂಬ ಭರವಸೆಯನ್ನು ಮೊದಲು ಪರೀಕ್ಷಿಸಿ. ಫೋನ್ ನೀರನ್ನು ಎಷ್ಟು ತಡೆಯುತ್ತದೆಂದು ತಿಳಿಸುವ ಐಪಿ67, ಐಪಿ68 ಎಂಬ ಗುರುತುಗಳು ಪ್ರಯೋಗಾಲಯದಲ್ಲಿ ಶುದ್ಧವಾದ ನಿಂತ ನೀರಿನಲ್ಲಿ ಮಾಡಿದ ಪರೀಕ್ಷೆಯನ್ನು ಆಧರಿಸಿದವು. ಕ್ಲೋರಿನ್ ಬೆರೆಸಿದ ವೇವ್ ಪೂಲ್‌ನ ಅಲೆಗೂ ಜಾರುಬಂಡೆಯ ರಭಸಕ್ಕೂ ಅವು ಹೊಂದುವುದಿಲ್ಲ. ಒಳಗೆ ನೀರು ಹೊಕ್ಕರೆ ಸಾಮಾನ್ಯವಾಗಿ ವಾರಂಟಿಯೂ ಸಿಗುವುದಿಲ್ಲ. ಕುತ್ತಿಗೆಗೆ ನೇತುಹಾಕುವ ಪಾರದರ್ಶಕ ಚೀಲ ನಡೆದಾಡುವಾಗ ಸರಿ, ಆದರೆ ಅದರ ದಾರ ಜಾರುಬಂಡೆಯಲ್ಲಿ ಎಲ್ಲಾದರೂ ಸಿಕ್ಕಿಕೊಂಡು ಕುತ್ತಿಗೆಯನ್ನು ಬಿಗಿಯಬಹುದು. ಸ್ಲೈಡ್ ಹತ್ತುವ ಮುನ್ನ ಅದನ್ನೂ ತೆಗೆದಿಡಬೇಕು.

ಇದಕ್ಕಿಂತ ಮುಖ್ಯವಾದ ಮಾತು ಬೇರೆ ಇದೆ. ವೇವ್ ಪೂಲ್, ರೇನ್ ಡಿಸ್ಕೊದಂತಹ ಕಡೆಗಳಲ್ಲಿ ಜನರು ಒದ್ದೆ ಬಟ್ಟೆಯಲ್ಲಿ ಇರುತ್ತಾರೆ. ಅನೇಕ ಹೆಣ್ಣುಮಕ್ಕಳು ಎಷ್ಟೋ ದಿನದ ಹಿಂಜರಿಕೆಯನ್ನು ಬದಿಗಿಟ್ಟು ನೀರಿಗೆ ಇಳಿದಿರುತ್ತಾರೆ. ಅಲ್ಲಿ ಒಂದು ಫೋನ್ ಮೇಲೆದ್ದರೂ ಅದು ಯಾರತ್ತ ತಿರುಗಿದೆ ಎಂಬ ಆತಂಕ ಹುಟ್ಟುತ್ತದೆ, ಆಟದ ಸಂತೋಷ ಅಲ್ಲಿಗೇ ಮುಗಿಯುತ್ತದೆ. ನಿಮ್ಮ ಮಗುವಿನ ಚಿತ್ರವನ್ನೇ ತೆಗೆಯುತ್ತಿದ್ದರೂ ಹತ್ತಿರ ಹೋಗಿ, ಕ್ಯಾಮೆರಾವನ್ನು ಕೆಳಮುಖವಾಗಿ ಹಿಡಿದು, ಚೌಕಟ್ಟಿನಲ್ಲಿ ಬೇರೆ ಯಾರೂ ಬಾರದಂತೆ ತೆಗೆಯಿರಿ. ದೂರದಿಂದ ಜೂಮ್ ಮಾಡಬೇಡಿ. ಬೇರೆಯವರ ಮಕ್ಕಳ ಚಿತ್ರವನ್ನು ಅವರ ತಂದೆ ತಾಯಿಯ ಒಪ್ಪಿಗೆಯಿಲ್ಲದೆ ತೆಗೆಯಲೂ ಬಾರದು, ಹಂಚಲೂ ಬಾರದು. ಬಟ್ಟೆ ಬದಲಿಸುವ ಕೋಣೆ, ಶೌಚಾಲಯ, ಸ್ನಾನದ ಜಾಗಗಳಲ್ಲಿ ಕರೆಗೆ ಉತ್ತರಿಸಲು ಕೂಡ ಫೋನ್ ಹೊರತೆಗೆಯಬಾರದು. ಒಬ್ಬ ವ್ಯಕ್ತಿಯ ಖಾಸಗಿ ಅಂಗಗಳ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆಯುವುದೂ ಹರಡುವುದೂ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನಡಿ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ. ಖಾಸಗಿ ಸ್ಥಿತಿಯಲ್ಲಿರುವ ಮಹಿಳೆಯನ್ನು ಕದ್ದು ನೋಡುವುದನ್ನೂ ಚಿತ್ರೀಕರಿಸುವುದನ್ನೂ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಶಿಕ್ಷಿಸುತ್ತದೆ. ಅಂತಹದ್ದು ಕಣ್ಣಿಗೆ ಬಿದ್ದರೆ ನೀವೇ ಜಗಳಕ್ಕೆ ಇಳಿಯದೆ, ಜೀವರಕ್ಷಕರಿಗೆ ಅಥವಾ ಮಹಿಳಾ ಸಿಬ್ಬಂದಿಗೆ ತಕ್ಷಣ ಹೇಳಿ.

ಆರನೆಯ ಹೆಜ್ಜೆ: ಕತ್ತಲೆಯ ರೈಡ್, ಬೆಳಕಿನ ಪ್ರದರ್ಶನ

ಬೆಳಕಿನಿಂದ ಕತ್ತಲೆಗೆ ಬಂದ ಕಣ್ಣು ಪೂರ್ತಿಯಾಗಿ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಒಂದೇ ಒಂದು ಫ್ಲ್ಯಾಶ್ ಆ ಹೊಂದಾಣಿಕೆಯನ್ನು ಕೆಡಿಸಿಬಿಡುತ್ತದೆ, ಕಣ್ಣು ಮತ್ತೆ ಮೊದಲಿನಿಂದ ಹೊಂದಿಕೊಳ್ಳಬೇಕು. ಕತ್ತಲೆಯ ರೈಡ್ ಒಟ್ಟು ಐದಾರು ನಿಮಿಷದ್ದಾಗಿದ್ದರೆ, ನಿಮ್ಮ ಮುಂದೆ ಕೂತ ಮಗುವಿಗೆ ಆ ರೈಡಿನಲ್ಲಿ ಉಳಿದದ್ದು ಏನೂ ಇಲ್ಲ ಎಂದೇ ಅರ್ಥ.

ಫ್ಲ್ಯಾಶ್‌ನಿಂದ ಚಿತ್ರವೂ ಒಳ್ಳೆಯದಾಗಿ ಬರುವುದಿಲ್ಲ. 1969ರಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ ತೆರೆದ ಹಾಂಟೆಡ್ ಮ್ಯಾನ್ಷನ್ ಎಂಬ ದೆವ್ವದ ಮನೆಯ ರೈಡಿನಲ್ಲಿ ನೃತ್ಯ ಮಾಡುವ ದೆವ್ವಗಳು ಕಾಣಿಸುವುದು ದೊಡ್ಡ ಗಾಜಿನಲ್ಲಿ ಮೂಡುವ ಪ್ರತಿಬಿಂಬದಿಂದ. ಮರೆಯಲ್ಲಿರುವ ಬೊಂಬೆಗಳ ಮೇಲೆ ಬೆಳಕು ಬಿದ್ದಾಗ ಅವುಗಳ ಬಿಂಬ ಗಾಜಿನಲ್ಲಿ ಮೂಡಿ, ಗಾಜಿನಾಚೆಯ ಕತ್ತಲೆಯ ಕೋಣೆಯಲ್ಲಿಯೇ ಅವು ಇರುವಂತೆ ತೋರುತ್ತದೆ. ಸುತ್ತಲಿನ ಕತ್ತಲೆಯೇ ಆ ಕೌಶಲದ ಜೀವಾಳ. ಫ್ಲ್ಯಾಶ್ ಬಿದ್ದರೆ ದೆವ್ವ ಮಸುಕಾಗಿ ಗಾಜಿನ ಮಿಂಚು ಉಳಿಯುತ್ತದೆ. ಪ್ರೊಜೆಕ್ಟರ್‌ನಿಂದ ಪರದೆಯ ಮೇಲೆ, ನೀರಿನ ತುಂತುರಿನ ಮೇಲೆ, ಕಟ್ಟಡದ ಗೋಡೆಯ ಮೇಲೆ ಮೂಡಿಸುವ ಚಿತ್ರಗಳಿಗೂ ಇದೇ ಗತಿ. ಫೋನಿನ ಫ್ಲ್ಯಾಶ್ ಬೆಳಕು ತಲುಪುವುದು ಎರಡು ಮೂರು ಮೀಟರ್ ಮಾತ್ರ. ಅದು ಬೆಳಗಿಸುವುದು ಮುಂದಿನ ಸಾಲಿನವರ ತಲೆಗೂದಲನ್ನು.

ಮೈಸೂರು ಅರಮನೆಯ ಧ್ವನಿ ಬೆಳಕು ಕಾರ್ಯಕ್ರಮದಲ್ಲಿ ಅಥವಾ ಭಾನುವಾರದ ದೀಪಾಲಂಕಾರದ ಹೊತ್ತಿನಲ್ಲಿ ಅಂಗಳದಲ್ಲಿ ನಿಂತು ನೋಡಿ. ಸುಮಾರು ಒಂದು ಲಕ್ಷ ಬಲ್ಬುಗಳು ಒಮ್ಮೆಗೇ ಹೊತ್ತಿಕೊಳ್ಳುವಾಗ ಜನಸಮೂಹದಿಂದ ನೂರಾರು ಫ್ಲ್ಯಾಶ್‌ಗಳು ಮಿನುಗುತ್ತವೆ. ಅರಮನೆಯನ್ನು ತಲುಪುವ ಶಕ್ತಿ ಅವುಗಳಲ್ಲಿ ಒಂದಕ್ಕೂ ಇಲ್ಲ. ಹೆಚ್ಚಿನವರು ಬೇಕೆಂದು ಹಾಕಿದ್ದಲ್ಲ, ಆಟೊದಲ್ಲಿ ಬಿಟ್ಟಿದ್ದರಿಂದ ಕತ್ತಲೆ ಕಂಡ ಫೋನ್ ತಾನೇ ಹಾಕಿಕೊಂಡದ್ದು. ಆದ್ದರಿಂದ ಕೂತ ತಕ್ಷಣ ಹೀಗೆ ಮಾಡಿ: ಕ್ಯಾಮೆರಾ ತೆರೆದು ಫ್ಲ್ಯಾಶ್ ಗುರುತನ್ನು ಆಟೊದಿಂದ ಆಫ್‌ಗೆ ಬದಲಿಸಿ. ಪರದೆಯ ಬ್ರೈಟ್‌ನೆಸ್ ಅನ್ನು ಕೈಯಿಂದಲೇ ಕೊನೆಯವರೆಗೆ ಇಳಿಸಿ, ತಾನಾಗಿ ಏರುವ ವ್ಯವಸ್ಥೆಯನ್ನು ನಿಲ್ಲಿಸಿ. ಕರೆ ಬಂದಾಗ ಹಿಂಬದಿಯ ದೀಪ ಮಿನುಗುವಂತೆ ಇಟ್ಟುಕೊಂಡಿದ್ದರೆ ಅದನ್ನೂ ಆರಿಸಿ. ಫೋನನ್ನು ಸೈಲೆಂಟ್‌ಗೆ ಹಾಕಿ. ಕೈ ಎತ್ತಿದಾಗಲೆಲ್ಲ ಹೊಳೆಯುವ ಕೈಗಡಿಯಾರಕ್ಕೆ ಥಿಯೇಟರ್ ಮೋಡ್ ಇದ್ದರೆ ಅದನ್ನು ಹಚ್ಚಿ.

ಚಿತ್ರೀಕರಣಕ್ಕೆ ಅನುಮತಿ ಇದ್ದಲ್ಲಿ ಫೋನನ್ನು ಗಲ್ಲದ ಮಟ್ಟಕ್ಕಿಂತ ಮೇಲೆ ಎತ್ತಬೇಡಿ. ಕೆಆರ್‌ಎಸ್‌ನ ಬೃಂದಾವನದಲ್ಲಿ ಸಂಗೀತ ಕಾರಂಜಿ ಏರುವಾಗ ಮುಂದಿನವರೆಲ್ಲ ಕೈ ಮೇಲೆತ್ತಿದರೆ, ಹಿಂದೆ ಇರುವ ಮಕ್ಕಳಿಗೆ ಕಾರಂಜಿ ಕಾಣುವುದು ಬೇರೆಯವರ ಅಂಗೈಯಗಲದ ಪರದೆಗಳಲ್ಲಿ ಮಾತ್ರ. ಹಾಡಿನ ಒಂದು ಭಾಗವನ್ನು, ಹೆಚ್ಚೆಂದರೆ ಅರ್ಧ ನಿಮಿಷ ಚಿತ್ರೀಕರಿಸಿ ಫೋನನ್ನು ಇಳಿಸಿಬಿಡಿ. ಪೂರ್ತಿ ಪ್ರದರ್ಶನ ಚಿತ್ರೀಕರಿಸಲೇಬೇಕೆಂದಿದ್ದರೆ ಹಿಂದೆ ಯಾರೂ ಇಲ್ಲದ ಕೊನೆಯ ಸಾಲನ್ನೋ ಬದಿಯ ಗೋಡೆಯನ್ನೋ ಆರಿಸಿಕೊಳ್ಳಬೇಕು. ಮುಂದಿನ ಸಾಲಿನಲ್ಲಿ ಕೂತು ಟ್ಯಾಬ್ಲೆಟ್ ಎತ್ತುವುದು ಯಾವ ಪ್ರದರ್ಶನದಲ್ಲೂ ಸಲ್ಲದು. ಊರಲ್ಲಿರುವ ಅಜ್ಜಿಗೆ ತೋರಿಸಬೇಕೆಂಬ ಆಸೆ ಒಳ್ಳೆಯದೇ, ಆದರೆ ಪ್ರದರ್ಶನದ ನಡುವೆ ವಿಡಿಯೊ ಕರೆ ಮಾಡಿದರೆ ಆ ಕಡೆಯ ಧ್ವನಿ ಇಡೀ ಸಾಲಿಗೆ ಕೇಳುತ್ತದೆ, ಅಜ್ಜಿಗೂ ಕತ್ತಲೆಯಲ್ಲದೆ ಏನೂ ಕಾಣುವುದಿಲ್ಲ. ಅರ್ಧ ನಿಮಿಷದ ತುಣುಕನ್ನು ರಾತ್ರಿ ಕಳುಹಿಸಿದರೆ ಅವರು ನಾಲ್ಕು ಸಲ ನೋಡುತ್ತಾರೆ.

ರಂಗದ ಮೇಲೆ ಜೀವಂತ ಕಲಾವಿದರು ಇರುವಾಗ ನಿಯಮ ಇನ್ನೂ ಬಿಗಿಯಾಗಬೇಕು. ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಯಂತಹ ಕಡೆ ಸಾಹಸ ಪ್ರದರ್ಶನ ಮಾಡುವವರು ಎತ್ತರದಿಂದ ಜಿಗಿಯುತ್ತಾರೆ, ಬೆಂಕಿಯ ಹತ್ತಿರ ಕೆಲಸ ಮಾಡುತ್ತಾರೆ. ಜಿಗಿಯುವವರ ಕಣ್ಣಿಗೆ ಆ ಗಳಿಗೆಯಲ್ಲಿ ಬೆಳಕು ಕುಕ್ಕಿದರೆ ಕಾಲಿಡುವ ಜಾಗ ತಪ್ಪಬಹುದು. ಚಿತ್ರೀಕರಣ ಬೇಡವೆಂದು ಮೊದಲೇ ಘೋಷಿಸಿದ್ದರೆ ಕದ್ದುಮುಚ್ಚಿ ತೆಗೆಯುವ ಪ್ರಶ್ನೆಯೇ ಬರಬಾರದು.

ಸೀಟುಗಳೇ ಮೇಲೇರಿ ದೊಡ್ಡ ಪರದೆಯ ಮುಂದೆ ತೂಗುವ ಹಾರುವ ಥಿಯೇಟರ್‌ಗಳಲ್ಲಿ, ಇಮ್ಯಾಜಿಕಾದ ಐ ಫಾರ್ ಇಂಡಿಯಾದಲ್ಲಿ ಇರುವಂತೆ, ಪ್ರದರ್ಶನದ ನಿಯಮವೂ ರೈಡಿನ ನಿಯಮವೂ ಒಟ್ಟಿಗೇ ಅನ್ವಯಿಸುತ್ತವೆ. ಕಾಲು ನೇತಾಡುವ ಸ್ಥಿತಿಯಲ್ಲಿ ಕೈಜಾರಿದ ಫೋನ್ ಕೆಳಗೆ ಯಾರ ಮೇಲೆ ಬೀಳುತ್ತದೋ ಹೇಳಲಾಗದು. ಚಿತ್ರಮಂದಿರದಲ್ಲಿ ಕೂತಿದ್ದೇವೆಂಬ ಭಾವನೆ ಬರುವುದರಿಂದ ಜನ ಇಲ್ಲಿ ಮೈಮರೆಯುತ್ತಾರೆ.

ಏಳನೆಯ ಹೆಜ್ಜೆ: ಬೇರೆಯವರಿಗೆ ಹೇಳುವ ಬಗೆ

ಮುಂದಿನವರ ಪರದೆ ಕಣ್ಣಿಗೆ ಚುಚ್ಚುತ್ತಿದ್ದರೆ ಒಮ್ಮೆ ಮೆಲ್ಲನೆ ಕೇಳಿ: "ಸರ್, ಬ್ರೈಟ್‌ನೆಸ್ ಸ್ವಲ್ಪ ಕಡಿಮೆ ಮಾಡ್ತೀರಾ? ಹಿಂದೆ ಮಗುವಿಗೆ ಕಾಣ್ತಿಲ್ಲ." ಅಥವಾ "ಅಕ್ಕಾ, ಫೋನ್ ಒಂಚೂರು ಕೆಳಗೆ ಹಿಡೀತೀರಾ?" ತಪ್ಪನ್ನು ಎತ್ತಿ ಆಡದೆ ಬೇಕಾದದ್ದನ್ನು ಮಾತ್ರ ಕೇಳಿದರೆ ಹೆಚ್ಚಿನವರು "ಓ, ಸಾರಿ" ಎಂದು ಇಳಿಸುತ್ತಾರೆ. ಅವರಿಗೆ ಅದು ಗೊತ್ತೇ ಇರುವುದಿಲ್ಲ. ಕೇಳದಿದ್ದರೆ ಎರಡನೆಯ ಸಲ ಹೇಳುವ ಕೆಲಸವನ್ನು ಸಿಬ್ಬಂದಿಗೆ ಬಿಡಿ. ಅವರ ತಪ್ಪನ್ನು ನಿಮ್ಮ ಫೋನಿನಲ್ಲಿ ಚಿತ್ರೀಕರಿಸಿ ಹಾಕುತ್ತೇನೆಂದು ಹೆದರಿಸುವುದರಿಂದ ಕತ್ತಲೆಯಲ್ಲಿ ಎರಡನೆಯ ಪರದೆ ಬೆಳಗುತ್ತದೆ, ಅಷ್ಟೇ. ರೈಡಿನ ಮೇಲೆ ಪಕ್ಕದವರು ಫೋನ್ ತೆಗೆದರೆ ಮಾತ್ರ ಕಾಯಬೇಡಿ, ಹೊರಡುವ ಮುನ್ನವೇ ಕೈ ಎತ್ತಿ ಆಪರೇಟರ್‌ಗೆ ತಿಳಿಸಿ.

ಎಂಟನೆಯ ಹೆಜ್ಜೆ: ಫೋನ್ ಬಿದ್ದರೆ, ಬಿದ್ದ ಫೋನ್ ಸಿಕ್ಕರೆ

ರೈಡಿನಿಂದ ಫೋನ್ ಜಾರಿಬಿಟ್ಟರೆ ಅದು ಬೇಲಿಯಾಚೆ ಕಣ್ಣಿಗೆ ಕಾಣುವಂತೆ ಬಿದ್ದಿದ್ದರೂ ಬೇಲಿ ದಾಟಬಾರದು. ಇದರಲ್ಲಿ ಯಾವ ರಿಯಾಯಿತಿಯೂ ಇಲ್ಲ. 2015ರ ಆಗಸ್ಟ್‌ನಲ್ಲಿ ಒಹಾಯೊದ ಸೀಡರ್ ಪಾಯಿಂಟ್ ಪಾರ್ಕಿನಲ್ಲಿ ರ‍್ಯಾಪ್ಟರ್ ಎಂಬ ಕೋಸ್ಟರ್‌ನಿಂದ ಇಳಿದ ಪ್ರವಾಸಿಯೊಬ್ಬರು ಕಳೆದುಕೊಂಡ ಫೋನನ್ನು ಹುಡುಕಲು ಬೇಲಿಯೊಳಗೆ ಹೋಗಿ, ಓಡುತ್ತಿದ್ದ ಕೋಸ್ಟರ್ ಬಡಿದು ಪ್ರಾಣ ಬಿಟ್ಟರು. ಅದು ಹಳಿಯ ಕೆಳಗೆ ಸೀಟುಗಳು ನೇತಾಡುವ ಬಗೆಯ ಕೋಸ್ಟರ್. ಅಂತಹ ಕಡೆ ಖಾಲಿಯಾಗಿ ಕಾಣುವ ನೆಲದ ಮೇಲೆಯೇ ಜನರ ಕಾಲುಗಳು ಹಾದುಹೋಗುತ್ತವೆ.

ಮಾಡಬೇಕಾದದ್ದು ಇಷ್ಟು. ಇಳಿದ ಕೂಡಲೇ ಸಿಬ್ಬಂದಿಗೆ ಫೋನಿನ ಬಣ್ಣ, ಕವಚ, ನೀವು ಕೂತಿದ್ದ ಸೀಟು, ಯಾವ ತಿರುವಿನಲ್ಲಿ ಜಾರಿತೆಂಬ ಅಂದಾಜು ಹೇಳಿ, ಕಳೆದ ವಸ್ತುಗಳ ಕೌಂಟರಿನಲ್ಲಿ ದಾಖಲಿಸಿ. ರೈಡನ್ನು ಈಗಲೇ ನಿಲ್ಲಿಸಿ ಎಂದು ಒತ್ತಾಯಿಸಬೇಡಿ. ರೈಡ್ ಚಾಲನೆಯಲ್ಲಿಲ್ಲದ ಹೊತ್ತಿನಲ್ಲಿ, ಅನೇಕ ಕಡೆ ಸಂಜೆ ಪಾರ್ಕ್ ಮುಚ್ಚಿದ ಮೇಲೆಯೇ, ಸಿಬ್ಬಂದಿ ಒಳಗೆ ಹೋಗಿ ಹುಡುಕುತ್ತಾರೆ. ಅಷ್ಟರಲ್ಲಿ ಜೊತೆಯವರ ಫೋನಿನಿಂದ ನಿಮ್ಮದನ್ನು ದೂರದಿಂದಲೇ ಲಾಕ್ ಮಾಡಿ, ಬ್ಯಾಂಕಿಗೆ ತಿಳಿಸಿ ಯುಪಿಐ ತಡೆಹಿಡಿಯಿರಿ. ಫೋನ್ ಕಳವಾಗಿದೆ ಎಂಬ ಅನುಮಾನ ಬಂದರೆ ಪೊಲೀಸರಿಗೆ ದೂರು ಕೊಟ್ಟು, ಕೇಂದ್ರ ದೂರಸಂಪರ್ಕ ಇಲಾಖೆ 2023ರಲ್ಲಿ ಆರಂಭಿಸಿದ ಸಂಚಾರ್ ಸಾಥಿ ಜಾಲತಾಣದಲ್ಲಿ ಐಎಂಇಐ ಸಂಖ್ಯೆ ನೀಡಿ ಫೋನನ್ನು ಬ್ಲಾಕ್ ಮಾಡಿಸಬಹುದು. ಹಿಂದಿನ ರಾತ್ರಿ ಆ ಸಂಖ್ಯೆಯನ್ನು ಬರೆದಿಡಿ ಎಂದದ್ದು ಇದಕ್ಕಾಗಿ.

ಬೇರೆಯವರ ಫೋನ್ ನಿಮಗೆ ಸಿಕ್ಕರೆ ಅದನ್ನು ಹಿಡಿದುಕೊಂಡು ಪಾರ್ಕಿನಲ್ಲಿ ವಾರಸುದಾರರನ್ನು ಹುಡುಕುತ್ತಾ ಅಲೆಯಬೇಡಿ. ಅವರು ಬಿಟ್ಟ ಜಾಗಕ್ಕೆ ಹಿಂತಿರುಗಿ ಹುಡುಕುತ್ತಿರುತ್ತಾರೆ, ನೀವು ಇನ್ನೊಂದು ದಿಕ್ಕಿನಲ್ಲಿ ಇರುತ್ತೀರಿ. ಹತ್ತಿರದ ರೈಡಿನ ಸಿಬ್ಬಂದಿಗೆ ಕೊಟ್ಟು, ಯಾರಿಗೆ ಎಷ್ಟು ಹೊತ್ತಿಗೆ ಕೊಟ್ಟಿರೆಂದು ಗಮನದಲ್ಲಿಟ್ಟುಕೊಳ್ಳಿ. ಕೈಯಲ್ಲಿರುವಾಗಲೇ "ಅಮ್ಮ" ಎಂದೋ "ಮನೆ" ಎಂದೋ ಕರೆ ಬಂದರೆ ಎತ್ತಿ, ಫೋನ್ ಇಂಥ ಕಡೆ ಸಿಕ್ಕಿದೆ, ಇಂಥ ಕೌಂಟರಿನಲ್ಲಿ ಕೊಡುತ್ತಿದ್ದೇನೆ, ಬಂದು ತೆಗೆದುಕೊಳ್ಳಿ ಎಂದಷ್ಟೇ ಹೇಳಿ. ಒಳಗಿನ ಚಿತ್ರಗಳನ್ನಾಗಲಿ ಸಂದೇಶಗಳನ್ನಾಗಲಿ ತೆರೆಯಬೇಡಿ.